ಸೆಲಡಾನ್ ಲೋಟದ ಮೈಮೇಲೆ ಮೂಡಿದ ಗೆರೆಗಳು

ಪ್ರಶ್ನೆ: ನನ್ನ ಮಗ ಕೆಲಸದ ಮೇಲೆ ಚೀನಾದ ಹಾಂಗ್‌ಝೌಗೆ ಹೋಗಿದ್ದಾಗ ತಿಳಿಹಸಿರು ಬಣ್ಣದ ಸೆಲಡಾನ್ ಚಹಾ ಸೆಟ್ಟೊಂದನ್ನು ತಂದುಕೊಟ್ಟ. ಮುಚ್ಚಳವಿರುವ ಒಂದು ಬಟ್ಟಲು, ಒಂದು ಸಣ್ಣ ಹೂಜಿ, ನಾಲ್ಕು ಪುಟ್ಟ ಲೋಟಗಳಿವೆ. ಎರಡು ಲೋಟಗಳು ನುಣುಪಾಗಿವೆ. ಉಳಿದೆರಡರ ಮೇಲೆ ಬಲೆಯಂಥ ಸಣ್ಣ ಗೆರೆಗಳಿದ್ದು, ಮೂರು ತಿಂಗಳಲ್ಲಿ ಅವು ಕಂದು ಬಣ್ಣಕ್ಕೆ ತಿರುಗಿವೆ. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಲೋಟಗಳು ಒಡೆಯುತ್ತಿವೆಯೇ? ಇವನ್ನು ಹೇಗೆ ತೊಳೆದಿಡಬೇಕು? ನಮ್ಮ ಹಾಲಿನ ಚಹಾವನ್ನು ಇವುಗಳಲ್ಲಿ ಕುಡಿಯಬಹುದೇ? ಜನ ಇದನ್ನು ಇಷ್ಟೊಂದು ಮೆಚ್ಚುವುದೇಕೆಂದೂ ತಿಳಿಯುವ ಆಸೆ.
— ಬೆಂಗಳೂರಿನ ಓದುಗರೊಬ್ಬರು

ಉತ್ತರ: ಮೊದಲು ತಮ್ಮ ಆತಂಕದ ವಿಷಯಕ್ಕೆ ಬರುತ್ತೇನೆ. ತಾವು ವರ್ಣಿಸಿರುವಂತೆ ಗೆರೆಗಳು ಲೋಟದ ಇಡೀ ಮೈಯನ್ನು ಬಲೆಯಂತೆ ಆವರಿಸಿದ್ದರೆ ಅವು ಒಡಕಿನ ಗುರುತುಗಳಲ್ಲ; ಭಟ್ಟಿಯವರು ಬಯಸಿಯೇ ಮೂಡಿಸಿದ ಗೆರೆಗಳು. ನಿಜವಾದ ಒಡಕು ಸಾಮಾನ್ಯವಾಗಿ ಒಂಟಿ ಗೆರೆಯಾಗಿ ಅಂಚಿನಿಂದ ಕೆಳಗಿಳಿಯುತ್ತದೆ, ಮತ್ತು ಲೋಟದ ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣಿಸುತ್ತದೆ. ಸಂದೇಹವಿದ್ದರೆ ಲೋಟದಲ್ಲಿ ನೀರು ತುಂಬಿ, ಒಣಗಿದ ಸುದ್ದಿಪತ್ರಿಕೆಯ ಹಾಳೆಯ ಮೇಲೆ ರಾತ್ರಿಯಿಡೀ ಇಡಿ. ಬೆಳಿಗ್ಗೆ ಹಾಳೆ ಒಣಗಿಯೇ ಇದ್ದರೆ ಲೋಟದ ಒಡಲು ಗಟ್ಟಿಯಾಗಿದೆ ಎಂದು ತಿಳಿಯಬಹುದು. ಬೆರಳಿನಿಂದ ತಟ್ಟಿ ನಾದ ಕೇಳುವ ಪರೀಕ್ಷೆಯನ್ನು ನುಣುಪಾದ ಲೋಟಗಳಿಗೆ ಮಾತ್ರ ಇಟ್ಟುಕೊಳ್ಳಿ. ಅವು ಗಂಟೆಯಂತೆ ಠಣ್ ಎನ್ನಬೇಕು. ಗೆರೆಗಳಿರುವ ಲೋಟದ ನಾದ ಹುಟ್ಟಿನಿಂದಲೇ ಸ್ವಲ್ಪ ಮಂಕಾಗಿರುತ್ತದೆ, ಆದ್ದರಿಂದ ಅದನ್ನು ಕೇಳಿ ಗಾಬರಿಯಾಗಬೇಕಾಗಿಲ್ಲ.

ಈ ಗೆರೆಗಳು ಏಕೆ ಮೂಡುತ್ತವೆ ಎಂಬುದನ್ನು ಅರಿತರೆ, ತಾವು ಕೇಳಿರುವ ಉಳಿದ ಪ್ರಶ್ನೆಗಳಿಗೂ ಬಹುಪಾಲು ಉತ್ತರ ಅಲ್ಲಿಯೇ ದೊರೆಯುತ್ತದೆ. ಸೆಲಡಾನ್ ಪಾತ್ರೆ ಎರಡು ಪದರಗಳಿಂದಾದದ್ದು: ಒಳಗೆ ಸುಟ್ಟ ಮಣ್ಣಿನ ಒಡಲು, ಅದರ ಮೇಲೆ ಗಾಜಿನಂಥ ಗ್ಲೇಜ್ ಪದರ. ಭಟ್ಟಿಯ ಉರಿಯಲ್ಲಿ ಈ ಎರಡೂ ಬೆಸೆದುಕೊಳ್ಳುತ್ತವೆ, ಆದರೆ ತಣಿಯುವಾಗ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಗ್ಲೇಜ್ ತನ್ನ ಕೆಳಗಿನ ಒಡಲಿಗಿಂತ ಹೆಚ್ಚು ಕುಗ್ಗಲು ಹವಣಿಸಿದಾಗ ಅದು ಬಿಗಿಯಾಗಿ ಎಳೆದ ಚರ್ಮದಂತಾಗಿ, ಎಳೆತ ತಾಳಲಾರದೆ ಅಲ್ಲಲ್ಲಿ ಸೀಳುತ್ತದೆ. ಸೀಳುವುದು ಗ್ಲೇಜ್ ಮಾತ್ರ; ಒಡಲು ಹಾಗೆಯೇ ಇರುತ್ತದೆ. ಭಟ್ಟಿಯಿಂದ ಆಗತಾನೆ ತೆಗೆದಿಟ್ಟ ಇಂಥ ಪಾತ್ರೆಗಳ ಪಕ್ಕದಲ್ಲಿ ನಿಂತರೆ ತೀರಾ ಮೆಲುವಾದ ಟಿಣ್ ಟಿಣ್ ಸದ್ದು ಬಿಟ್ಟು ಬಿಟ್ಟು ಕೇಳಿಸುತ್ತದೆ. ಒಂದೊಂದು ಸದ್ದೂ ಒಂದೊಂದು ಹೊಸ ಗೆರೆಯದು. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಮುಂದುವರಿಯುವ ಆ ಸದ್ದನ್ನು ಮೊದಲ ಸಲ ಕೇಳಿದ ರಾತ್ರಿ ನಾನು ಭಟ್ಟಿಮನೆಯಿಂದ ಹೊರಬರಲು ಮನಸ್ಸಾಗದೆ ಬಹಳ ಹೊತ್ತು ಅಲ್ಲಿಯೇ ಕುಳಿತಿದ್ದೆ.

ಚೀನಾದ ಕುಂಬಾರರು ಮೊದಲಿಗೆ ದೋಷವಾಗಿಯೇ ಕಂಡಿರಬಹುದಾದ ಈ ಸೀಳನ್ನು ಸೊಂಗ್ ರಾಜವಂಶದ ಕಾಲದ (ಹತ್ತರಿಂದ ಹದಿಮೂರನೆಯ ಶತಮಾನ) ಹೊತ್ತಿಗೆ ಅಲಂಕಾರವನ್ನಾಗಿ ಪಳಗಿಸಿಕೊಂಡಿದ್ದರು. ದೊಡ್ಡ ಗೆರೆಗಳು ಕಪ್ಪಾಗಿಯೂ ಅವುಗಳ ನಡುವಿನ ಸಣ್ಣ ಗೆರೆಗಳು ಹೊಂಬಣ್ಣದವಾಗಿಯೂ ಕಾಣುವ ಪಾತ್ರೆಗಳನ್ನು ಅಲ್ಲಿಯ ರಸಿಕರು ‘ಚಿನ್ನದ ದಾರ, ಕಬ್ಬಿಣದ ತಂತಿ’ ಎಂದು ಕರೆದು ಕೊಂಡಾಡಿದರು. ತಮ್ಮ ಲೋಟಗಳ ಗೆರೆಗಳು ಕಂದಾಗಲು ಕಾರಣ ಚಹಾಕ್ಕೆ ಒಗರು ಕೊಡುವ ಟ್ಯಾನಿನ್. ಅದು ಕೂದಲೆಳೆಗಿಂತ ಸಣ್ಣದಾದ ಸೀಳುಗಳೊಳಗೆ ಇಳಿದು ಕೂತಿದೆ. ಗೆರೆಯಿರುವ ಲೋಟಗಳನ್ನು ಬಳಸುವ ಚೀನೀಯರು ಅದನ್ನು ಉಜ್ಜಿ ತೆಗೆಯುವುದಿಲ್ಲ. ದಿನವೂ ಚಹಾ ಕುಡಿಯುತ್ತಾ ಗೆರೆಗಳಿಗೆ ನಿಧಾನವಾಗಿ ಬಣ್ಣ ಕಟ್ಟಿಸುವುದನ್ನು ಅವರು ಲೋಟವನ್ನು ‘ಸಾಕುವುದು’ ಎನ್ನುತ್ತಾರೆ. ಮೂರೇ ತಿಂಗಳಲ್ಲಿ ಬಣ್ಣ ಬಂದಿದೆಯೆಂದರೆ ತಮ್ಮ ಮನೆಯಲ್ಲಿ ಈ ಲೋಟಗಳು ಚೆನ್ನಾಗಿ ಬಳಕೆಯಾಗಿವೆ ಎಂದೇ ಅರ್ಥ. ಆದ್ದರಿಂದ ಉಜ್ಜುವುದನ್ನು ಇಂದೇ ನಿಲ್ಲಿಸಿ ಎಂದು ವಿನಂತಿಸಿಕೊಳ್ಳುತ್ತೇನೆ.

ಇನ್ನು ಇದರ ಆಕರ್ಷಣೆಯ ಮಾತು. ನುಣುಪಾದ ಲೋಟಗಳಲ್ಲೊಂದನ್ನು ಬೆಳಗಿನ ಹೊತ್ತು ಕಿಟಕಿಯ ಹತ್ತಿರ ಹಿಡಿದು ನೋಡಿ. ಬಣ್ಣವು ಮೇಲೆ ಬಳಿದಂತೆ ಕಾಣದೆ, ಆಳವಾದ ಕೆರೆಯ ತಿಳಿನೀರಿನ ಬಣ್ಣದಂತೆ ಒಳಗಿನಿಂದ ಬರುತ್ತಿರುವಂತೆ ತೋರುತ್ತದೆ. ಅಂಚಿನಲ್ಲಿ ಗ್ಲೇಜ್ ಇಳಿದು ತೆಳುವಾದ ಕಡೆ ಬಣ್ಣ ಬಿಳುಪಾಗಿಯೂ, ತಳದ ಒಳಮೂಲೆಯಲ್ಲಿ ಅದು ಮಡುಗಟ್ಟಿದ ಕಡೆ ಕಡುಹಸಿರಾಗಿಯೂ ಇರುತ್ತದೆ. ಹೆಚ್ಚು ಹೊಳಪೂ ಇಲ್ಲ, ಮಂಕೂ ಇಲ್ಲ. ತುಸು ಎಣ್ಣೆ ಹಚ್ಚಿದ ನಯವಾದ ಕಲ್ಲಿನ ಕಾಂತಿ ಅದು. ಈ ಗುಣಕ್ಕೆ ಕಾರಣ ಗ್ಲೇಜಿನೊಳಗೆ ಸಿಕ್ಕಿಕೊಂಡಿರುವ ಲೆಕ್ಕವಿಲ್ಲದಷ್ಟು ಸೂಕ್ಷ್ಮ ಗಾಳಿಗುಳ್ಳೆಗಳು ಮತ್ತು ಪೂರ್ತಿ ಕರಗದೆ ಉಳಿದ ಖನಿಜದ ಕಣಗಳು. ಒಳಹೊಕ್ಕ ಬೆಳಕನ್ನು ಅವು ಚದುರಿಸಿ ಮೆತ್ತಗಾಗಿಸಿ ಹಿಂದಕ್ಕೆ ಕಳುಹಿಸುತ್ತವೆ. ದಕ್ಷಿಣ ಸೊಂಗ್ ಕಾಲದ ಕುಂಬಾರರು ಈ ಆಳವನ್ನು ಪಡೆಯಲು ಗ್ಲೇಜನ್ನು ಒಂದರ ಮೇಲೊಂದರಂತೆ ಹಲವು ಸಲ ಲೇಪಿಸುತ್ತಿದ್ದರು. ಉತ್ತಮ ಪಾತ್ರೆಗಳಲ್ಲಿ ಅದರ ದಪ್ಪ ಒಂದು ಮಿಲಿಮೀಟರನ್ನೂ ಮೀರುತ್ತದೆ.

ಬಣ್ಣ ಕೊಡುವುದು ಕಬ್ಬಿಣ. ಗ್ಲೇಜಿನಲ್ಲಿ ಶೇಕಡಾ ಒಂದರಿಂದ ಮೂರರಷ್ಟು ಕಬ್ಬಿಣದ ಆಕ್ಸೈಡ್ ಇದ್ದರೆ ಸಾಕು. ಭಟ್ಟಿಯೊಳಗೆ ಗಾಳಿ ಧಾರಾಳವಾಗಿ ಆಡಿದರೆ ಅದೇ ಕಬ್ಬಿಣ ಹಳದಿಗೋ ಕಂದಿಗೋ ತಿರುಗುತ್ತದೆ. ಆದರೆ ಸುಮಾರು 1200ರಿಂದ 1300 ಡಿಗ್ರಿ ಸೆಲ್ಸಿಯಸ್ ಉರಿಯಲ್ಲಿ ಗಾಳಿಯನ್ನು ತಡೆದು ಹೊಗೆಯುಕ್ಕುವಂತೆ ಮಾಡಿದರೆ, ಆಮ್ಲಜನಕದ ಹಸಿವಿನಲ್ಲಿರುವ ಬೆಂಕಿ ಆ ಆಕ್ಸೈಡಿನಿಂದಲೇ ಒಂದಿಷ್ಟು ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಆಗ ಕಬ್ಬಿಣ ಹಸಿರು, ನೀಲಿಹಸಿರು ಛಾಯೆಗಳನ್ನು ಕೊಡುತ್ತದೆ. ಗಾಳಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಬಣ್ಣ ಕೆಡುತ್ತದೆ. ಒಂದೇ ಭಟ್ಟಿಯ ಎರಡು ಮೂಲೆಗಳಲ್ಲಿಟ್ಟ ಲೋಟಗಳು ಎರಡು ಬಣ್ಣ ತಳೆದು ಬರುವುದುಂಟು. ತಮ್ಮ ನಾಲ್ಕು ಲೋಟಗಳನ್ನು ಸಾಲಾಗಿಟ್ಟು ನೋಡಿದಾಗ ಛಾಯೆಯಲ್ಲಿ ಚೂರು ವ್ಯತ್ಯಾಸ ಕಂಡರೆ ಅದನ್ನು ಕೊರತೆಯೆಂದು ಎಣಿಸಬೇಡಿ.

ಚಹಾಕ್ಕೂ ಈ ಬಣ್ಣಕ್ಕೂ ಇರುವ ನಂಟು ಬಹಳ ಹಳೆಯದು. ಎಂಟನೆಯ ಶತಮಾನದಲ್ಲಿ, ತಾಂಗ್ ರಾಜವಂಶದ ಕಾಲದಲ್ಲಿ, ಚಹಾದ ಬಗ್ಗೆ ಗ್ರಂಥ ಬರೆದ ಲು ಯು ಬಟ್ಟಲುಗಳಿಗೆ ದರ್ಜೆ ಕಟ್ಟುವಾಗ ಇಂದಿನ ಝೆಜಿಯಾಂಗ್ ಪ್ರಾಂತ್ಯದ ಯುಎ ಭಟ್ಟಿಗಳ ಹಸಿರು ಬಟ್ಟಲುಗಳನ್ನು ಎಲ್ಲಕ್ಕಿಂತ ಮೇಲೆ ಇಟ್ಟ. ಉತ್ತರದ ಶಿಂಗ್ ಭಟ್ಟಿಗಳ ಬಿಳಿ ಬಟ್ಟಲು ಬೆಳ್ಳಿಯನ್ನು ಹೋಲಿದರೆ ಯುಎ ಬಟ್ಟಲು ಜೇಡ್ ಶಿಲೆಯನ್ನು ಹೋಲುತ್ತದೆ, ಬಿಳಿ ಬಟ್ಟಲಿನಲ್ಲಿ ಚಹಾ ಕೆಂಪಾಗಿ ಕಂಡರೆ ಇದರಲ್ಲಿ ಹಸಿರಾಗಿ ಕಾಣುತ್ತದೆ ಎಂಬುದು ಅವನ ವಾದ. ಬಿಲ್ಲೆ ಕಟ್ಟಿದ ಚಹಾವನ್ನು ಪುಡಿ ಮಾಡಿ ಕುದಿಸುತ್ತಿದ್ದ ಕಾಲವದು, ಹಾಗಾಗಿ ಕಷಾಯದ ಬಣ್ಣ ಕೆಂಪಿಗೆ ತಿರುಗುತ್ತಿತ್ತು. ಆ ಕೊರತೆಯನ್ನು ಬಟ್ಟಲಿನ ಹಸಿರು ಮರೆಸುತ್ತಿತ್ತು. ಯುಎ ಪಾತ್ರೆಗಳಲ್ಲಿ ಅತ್ಯುತ್ತಮವಾದವು ಅರಮನೆಗೆ ಸಲ್ಲುತ್ತಿದ್ದವು. ಅವು ಹೇಗಿದ್ದವೆಂಬುದು ಬಹುಕಾಲ ಊಹೆಯ ಮಾತಾಗಿತ್ತು. 1987ರಲ್ಲಿ ಶಾನ್ಶಿ ಪ್ರಾಂತ್ಯದ ಫಾಮೆನ್ ಬೌದ್ಧ ದೇವಾಲಯದ ನೆಲಮಾಳಿಗೆ ತೆರೆದಾಗ, 874ರಲ್ಲಿ ಮುಚ್ಚಿಟ್ಟಿದ್ದ ಇಂಥ ಪಾತ್ರೆಗಳು, ಅವುಗಳ ಹೆಸರು ಕೆತ್ತಿದ ಕಲ್ಲಿನ ಪಟ್ಟಿಯೊಂದಿಗೇ ದೊರೆತವು.

ಆದರೆ ಚಹಾ ಕುಡಿಯುವ ರೀತಿ ಬದಲಾದಂತೆ ಬಟ್ಟಲಿನ ಬಣ್ಣವೂ ಬದಲಾಯಿತು ಎಂಬುದನ್ನು ಮರೆಯಬಾರದು. ಸೊಂಗ್ ಕಾಲದಲ್ಲಿ ಚಹಾ ಪುಡಿಯನ್ನು ಬಿಸಿನೀರಿನಲ್ಲಿ ಕಡೆದು ಬಿಳಿನೊರೆ ಎಬ್ಬಿಸುವುದು ರೂಢಿಯಾದಾಗ, ನೊರೆ ಎದ್ದು ಕಾಣಲೆಂದು ಫುಜಿಯಾನ್‌ನ ಕಪ್ಪು ಬಟ್ಟಲುಗಳಿಗೆ ಮನ್ನಣೆ ಸಿಕ್ಕಿತು. 1391ರಲ್ಲಿ ಮಿಂಗ್ ವಂಶದ ಮೊದಲ ಚಕ್ರವರ್ತಿ ಬಿಲ್ಲೆ ಚಹಾದ ಕಾಣಿಕೆಯನ್ನು ನಿಲ್ಲಿಸಿದ ಮೇಲೆ ಎಲೆಯನ್ನೇ ಬಿಸಿನೀರಿನಲ್ಲಿ ನೆನೆಸುವ ಇಂದಿನ ಪದ್ಧತಿ ಬೇರೂರಿತು, ಬಿಳಿ ಪಿಂಗಾಣಿ ಮುಂದೆ ಬಂತು. ಹಸಿರೆಲೆಯ ಚಹಾಕ್ಕೆ ಸೆಲಡಾನ್ ಒಪ್ಪುತ್ತದೆ ಎನ್ನುವುದು ಮಾತ್ರ ನನ್ನ ಅನುಭವದಲ್ಲಿ ಇಂದಿಗೂ ನಿಜ. ಕಷಾಯದ ಬಣ್ಣವನ್ನು ಕರಾರುವಾಕ್ಕಾಗಿ ಅಳೆಯಬೇಕಾದ ಚಹಾ ಪರೀಕ್ಷಕರಿಗಾದರೆ ಬಿಳಿಯೇ ಸರಿ.

ತಮ್ಮ ಸೆಟ್ಟು ಬಹುಶಃ ಹಾಂಗ್‌ಝೌ ಇರುವ ಝೆಜಿಯಾಂಗ್ ಪ್ರಾಂತ್ಯದ್ದೇ ಆದ ಲಾಂಗ್‌ಚುವಾನ್ ಊರಿನದಿರಬೇಕು. ಬೆಟ್ಟದ ಇಳಿಜಾರಿಗೆ ಒರಗಿಸಿ ಕಟ್ಟಿದ ಉದ್ದನೆಯ ‘ಡ್ರ್ಯಾಗನ್ ಭಟ್ಟಿ’ಗಳಲ್ಲಿ ಸುಟ್ಟ ಅಲ್ಲಿಯ ಪಾತ್ರೆಗಳು ಸೊಂಗ್, ಯುವಾನ್ ಕಾಲಗಳಲ್ಲಿ ಹಡಗೇರಿ ಜಪಾನಿನಿಂದ ಆಫ್ರಿಕಾದ ಪೂರ್ವ ಕರಾವಳಿಯವರೆಗೆ ಹೋದವು. 1323ರಲ್ಲಿ ಕೊರಿಯಾದ ಸಿನಾನ್ ಬಳಿ ಮುಳುಗಿದ ಒಂದೇ ಹಡಗಿನಿಂದ ಮೇಲೆತ್ತಿದ ಪಿಂಗಾಣಿ ಪಾತ್ರೆಗಳು 20,000ಕ್ಕೂ ಹೆಚ್ಚು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸೆಲಡಾನ್. ಮುಂದೆ ಸೊರಗಿದ ಈ ವಿದ್ಯೆಯನ್ನು 1950ರ ದಶಕದ ಕೊನೆಯಲ್ಲಿ ಚೀನಾ ಸರ್ಕಾರದ ಬೆಂಬಲದಿಂದ ಮತ್ತೆ ಎತ್ತಿ ನಿಲ್ಲಿಸಲಾಯಿತು. 2009ರಲ್ಲಿ ಯುನೆಸ್ಕೋ ಅದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಎರಡು ಪರಂಪರೆಗಳಿವೆ, ಇಬ್ಬರು ಸಹೋದರರ ಕಥೆಯಿಂದ ಬಂದ ಹೆಸರುಗಳೂ ಇವೆ. ಕಪ್ಪುಮಣ್ಣಿನ ಒಡಲು, ಮೈತುಂಬ ಗೆರೆಗಳುಳ್ಳದ್ದು ‘ಅಣ್ಣನ ಭಟ್ಟಿ’. ಬೂದುಬಿಳಿ ಒಡಲು, ಗೆರೆಯಿಲ್ಲದ ದಪ್ಪ ಗ್ಲೇಜಿನದು ‘ತಮ್ಮನ ಭಟ್ಟಿ’. ಲೋಟಗಳನ್ನು ಬೋರಲು ಹಾಕಿ, ಗ್ಲೇಜ್ ಇಲ್ಲದ ತಳದ ಬಳೆಯನ್ನು ನೋಡಿ. ಗೆರೆಯಿರುವ ಎರಡರ ತಳ ಕಪ್ಪುಗಂದಾಗಿದ್ದು ಅಂಚಿನಲ್ಲೂ ನೇರಳೆ ಛಾಯೆ ಇಣುಕುತ್ತಿದ್ದರೆ ಅವು ಅಣ್ಣನ ಕಡೆಯವು, ನುಣುಪಾದವು ತಮ್ಮನ ಕಡೆಯವು. ಒಂದೇ ಸೆಟ್ಟಿನಲ್ಲಿ ಇಬ್ಬರನ್ನೂ ಕೂಡಿಸಿ ತಂದ ಮಗನ ಆಯ್ಕೆ ಚೆನ್ನಾಗಿದೆ.

ಈಗ ಆರೈಕೆ. ನೆನಪಿಡಬೇಕಾದದ್ದು ಇಷ್ಟೇ: ತಾವು ತೊಳೆಯುತ್ತಿರುವುದು ಗಾಜನ್ನು, ಅದೂ ಅಣ್ಣನ ಭಟ್ಟಿಯ ಲೋಟದಲ್ಲಿ ಈಗಾಗಲೇ ಸೀಳಿರುವ ಗಾಜನ್ನು.

ಗಾಜಿನ ಮೊದಲ ಶತ್ರು ಮರಳು. ಈ ಗ್ಲೇಜಿನ ಗಡಸುತನ ಮೋಸ್ ಮಾಪನದಲ್ಲಿ ಸುಮಾರು 6, ಮರಳಿನಲ್ಲಿರುವ ಸ್ಫಟಿಕಶಿಲೆಯದು 7. ಆದ್ದರಿಂದ ಪಾತ್ರೆ ಉಜ್ಜುವ ಒರಟು ಪುಡಿ, ಇಟ್ಟಿಗೆ ಪುಡಿ, ಮರಳು ಬೆರೆತಿರಬಹುದಾದ ಬೂದಿ ಯಾವುದೂ ಇದರ ಹತ್ತಿರ ಸುಳಿಯಬಾರದು. ಒಂದು ಸಲ ಉಜ್ಜಿದಾಗ ಏನೂ ಕಾಣುವುದಿಲ್ಲ, ವರ್ಷ ಕಳೆಯುವಷ್ಟರಲ್ಲಿ ಸಾವಿರ ಸಣ್ಣ ಗೀರುಗಳು ಸೇರಿ ಆ ಎಣ್ಣೆಗಾಂತಿ ಸತ್ತುಹೋಗುತ್ತದೆ, ಮತ್ತೆ ಬರುವುದಿಲ್ಲ. ಸ್ಟೀಲ್ ಸ್ಕ್ರಬ್ಬರ್ ಮತ್ತು ಚಮಚಗಳ ತೊಂದರೆ ಬೇರೆ ಬಗೆಯದು: ಲೋಹ ತಾನೇ ಸವೆದು ಗ್ಲೇಜಿನ ಮೇಲೆ ಪೆನ್ಸಿಲ್ ಗೀಚಿದಂಥ ಬೂದುಗೆರೆಗಳನ್ನು ಬಿಡುತ್ತದೆ. ಅವು ಬಹುಮಟ್ಟಿಗೆ ಅಡುಗೆ ಸೋಡಾದಿಂದ ಹೋಗುತ್ತವೆ. ಕುಡಿದ ಕೂಡಲೇ ಬಿಸಿನೀರಿನಲ್ಲಿ ಬೆರಳಿನಿಂದಲೇ ತಿಕ್ಕಿ ತೊಳೆದರೆ ಹಸಿರು ಚಹಾದ ಮಟ್ಟಿಗೆ ಸೋಪೂ ಬೇಕಾಗುವುದಿಲ್ಲ. ನುಣುಪಾದ ಲೋಟದಲ್ಲಿ ಕರೆ ಕಟ್ಟಿದ್ದರೆ ಒದ್ದೆ ಬೆರಳಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಚ್ಚಿಕೊಂಡು ಮೆಲ್ಲಗೆ ಒರೆಸಿ, ಅಷ್ಟಕ್ಕೇ ಬಿಟ್ಟುಹೋಗುತ್ತದೆ. ಗೆರೆಯಿರುವ ಲೋಟಗಳಿಗೆ ಬ್ಲೀಚನ್ನು, ಸುವಾಸನೆಯ ಪಾತ್ರೆ ಲಿಕ್ವಿಡ್ಡನ್ನು ಖಂಡಿತ ಹಾಕಬೇಡಿ; ಸೀಳುಗಳೊಳಗೆ ಹೊಕ್ಕಿದ್ದು ಸುಲಭವಾಗಿ ಹೊರಬರುವುದಿಲ್ಲ, ಮುಂದಿನ ಚಹಾದಲ್ಲಿ ಅದರ ವಾಸನೆ ಬರುತ್ತದೆ. ಡಿಶ್‌ವಾಷರ್ ಬೇಡ, ಅದರ ಕ್ಷಾರೀಯ ಪುಡಿ ಗ್ಲೇಜನ್ನು ಮಂಕಾಗಿಸುತ್ತದೆ. ಗೆರೆಯಿರುವುದನ್ನು ಮೈಕ್ರೋವೇವಿನಲ್ಲೂ ಇಡಬೇಡಿ.

ತಾವು ಬೆಂಗಳೂರಿನಲ್ಲಿರುವುದರಿಂದ ನೀರಿನ ವಿಚಾರವನ್ನೂ ಹೇಳಲೇಬೇಕು. ಕೊಳವೆಬಾವಿಯ ಗಡಸು ನೀರು ಒಣಗಿದಾಗ ಸುಣ್ಣದ ಬಿಳಿ ಪೊರೆ ಉಳಿಸುತ್ತದೆ, ತಿಳಿಹಸಿರಿನ ಮೇಲೆ ಅದು ಎದ್ದು ಕಾಣುತ್ತದೆ. ತೊಳೆದ ಮೇಲೆ ಕೊನೆಯ ಒಂದು ಸಲ ಕುಡಿಯುವ ನೀರಿನಲ್ಲಿ ಜಾಲಾಡಿ, ಹತ್ತಿಬಟ್ಟೆಯಿಂದ ಒರೆಸಿಬಿಟ್ಟರೆ ಪೊರೆ ಕಟ್ಟುವುದೇ ಇಲ್ಲ. ಈಗಾಗಲೇ ಕಟ್ಟಿದ್ದರೆ ನೀರು ಬೆರೆಸಿದ ನಿಂಬೆರಸದಲ್ಲಿ ಬಟ್ಟೆ ಅದ್ದಿ ಒರೆಸಿ ತಕ್ಷಣ ತೊಳೆಯಿರಿ; ಹಿತ್ತಾಳೆಗೆ ಹುಣಸೆಹಣ್ಣು ಮೆತ್ತಿ ಬಿಡುವಂತೆ ಇದಕ್ಕೆ ಹುಳಿ ಮೆತ್ತಿ ಬಿಡಬಾರದು. ಚಹಾಕ್ಕೂ ಗಡಸಲ್ಲದ ನೀರನ್ನೇ ಬಳಸಿದರೆ ಲೋಟದಲ್ಲಿ ಕೆನೆಯಂಥ ಕರೆ ಕಟ್ಟುವುದು ತಪ್ಪುತ್ತದೆ, ರುಚಿಯೂ ತೆರೆದುಕೊಳ್ಳುತ್ತದೆ.

ಎರಡನೆಯ ಶತ್ರು ಹಠಾತ್ ಬಿಸಿ. ದಪ್ಪ ಗ್ಲೇಜಿನ ಪಾತ್ರೆಗೆ, ಅದರಲ್ಲೂ ಡಿಸೆಂಬರಿನ ಬೆಳಿಗ್ಗೆ ತಣ್ಣಗೆ ಕೊರೆಯುತ್ತಿರುವಾಗ, ಕುದಿನೀರನ್ನು ನೇರವಾಗಿ ಸುರಿದರೆ ಒಳಮೈ ಹಿಗ್ಗಿ ಹೊರಮೈ ಹಿಂದುಳಿದು ಒಡಲೇ ಸೀಳಬಹುದು. ಮೊದಲು ಬೆಚ್ಚಗಿನ ನೀರು ಹಾಕಿ ಸುತ್ತಾಡಿಸಿ ಚೆಲ್ಲಿ, ಅನಂತರ ಚಹಾಕ್ಕೆ ನೀರು ಹಾಕಿ. ಹೊಸ ಪಾತ್ರೆಯನ್ನು ಮೊದಲ ಬಳಕೆಗೆ ಮುನ್ನ ತಣ್ಣೀರಿನಲ್ಲಿ ಮುಳುಗಿಸಿಟ್ಟು, ಸಣ್ಣ ಉರಿಯಲ್ಲಿ ಬಿಸಿಮಾಡಿ, ಆ ನೀರಿನಲ್ಲೇ ತಣಿಯಲು ಬಿಡುವುದು ಒಳ್ಳೆಯ ರೂಢಿ. ಮುಚ್ಚಳದ ಬಟ್ಟಲಿಗೆ ಚೀನೀ ಭಾಷೆಯಲ್ಲಿ ಗೈವಾನ್ ಎನ್ನುತ್ತಾರೆ. ಅದರ ಅಂಚು ಹೊರಕ್ಕೆ ಬಾಗುವ ಜಾಗಕ್ಕಿಂತ ಕೆಳಗೇ ನೀರು ನಿಲ್ಲಿಸಿ. ಅಂಚಿನವರೆಗೆ ತುಂಬಿದರೆ ಬೆರಳು ಸುಡುತ್ತದೆ, ಸುಟ್ಟ ಬೆರಳು ಬಟ್ಟಲನ್ನು ಬಿಡುತ್ತದೆ; ನಾನು ಕಂಡಂತೆ ಗೈವಾನ್‌ಗಳು ಒಡೆಯುವುದು ಹೆಚ್ಚಾಗಿ ಹೀಗೆಯೇ. ಹಾಂಗ್‌ಝೌನದೇ ಆದ ಲಾಂಗ್‌ಜಿಂಗ್ ಚಹಾಕ್ಕೆ 80 ಡಿಗ್ರಿಯ ಆಸುಪಾಸಿನ ನೀರು ಸಾಕು, ಅಷ್ಟು ಬಿಸಿ ಸೆಲಡಾನಿಗೂ ಹಿತ.

ಹಾಲಿನ ಚಹಾದ ಪ್ರಶ್ನೆಗೆ ಉತ್ತರ ಎರಡು ಭಾಗದ್ದು. ನುಣುಪಾದ ಲೋಟಗಳಲ್ಲಿ ಧಾರಾಳವಾಗಿ ಕುಡಿಯಿರಿ. ಅವುಗಳ ಗ್ಲೇಜ್ ಯಾವ ರುಚಿಯನ್ನೂ ಹೀರುವುದಿಲ್ಲ. ಕೂಡಲೇ ತೊಳೆದರೆ ಸಾಕು, ಜಿಡ್ಡು ಹೋಗಲು ಸ್ವಲ್ಪ ಸೋಪು ಹಾಕಿದರೂ ಅಡ್ಡಿಯಿಲ್ಲ. ಗೆರೆಯಿರುವ ಲೋಟಗಳಲ್ಲಿ ಮಾತ್ರ ಹಾಲು ಬೇಡವೇ ಬೇಡ. ಟ್ಯಾನಿನ್ ಸೀಳಿನಲ್ಲಿ ಕೂತು ಬಣ್ಣ ಕೊಡುತ್ತದೆ, ಹಾಲಿನ ಕೊಬ್ಬು ಮತ್ತು ಪ್ರೋಟೀನು ಅಲ್ಲಿಯೇ ಕೂತು ಹಳಸುತ್ತವೆ. ಈ ಲೋಟಗಳನ್ನು ಬರಿಯ ಎಲೆಚಹಾಕ್ಕೆ ಮೀಸಲಿಡಿ, ತೊಳೆದ ಮೇಲೆ ಬೋರಲು ಹಾಕಿ ಪೂರ್ತಿ ಒಣಗಲು ಬಿಡಿ. ಮಳೆಗಾಲದಲ್ಲಿ ಒಂದು ದಿನ ಬಳಸಿ ಒಂದು ದಿನ ಬಿಡುವುದು ಮೇಲು. ಅರ್ಧ ಒಣಗಿದ್ದನ್ನು ಮುಚ್ಚಿದ ಕಪಾಟಿನಲ್ಲಿಟ್ಟರೆ ಮುಗ್ಗಲು ವಾಸನೆ ಹಿಡಿಯುತ್ತದೆ.

ಲೋಟಗಳನ್ನು ಒಂದರೊಳಗೊಂದು ಜೋಡಿಸಿಡುವ ನಮ್ಮ ಅಭ್ಯಾಸವನ್ನೂ ಇಲ್ಲಿ ಬಿಡಬೇಕು. ಮೇಲಿನ ಲೋಟದ ತಳದ ಬಳೆಗೆ ಗ್ಲೇಜ್ ಇರುವುದಿಲ್ಲ, ಅದು ಉಪ್ಪುಕಾಗದದಂತೆ ಒರಟು. ಕೆಳಗಿನ ಲೋಟದ ಒಳಮೈಯನ್ನು ಕೆರೆಯುತ್ತದೆ. ಜಾಗವಿಲ್ಲದೆ ಜೋಡಿಸಲೇಬೇಕಾದರೆ ನಡುವೆ ಹಳೆಯ ಪಂಚೆಯ ತುಂಡೊಂದನ್ನು ಇಡಿ.

ಸೀಸದ ಭಯ ಕೆಲವರಿಗಿದೆ. ಅಧಿಕ ಉರಿಯಲ್ಲಿ ಸುಟ್ಟ ಸಾಂಪ್ರದಾಯಿಕ ಸೆಲಡಾನ್ ಗ್ಲೇಜನ್ನು ಫೆಲ್ಡ್‌ಸ್ಪಾರ್, ಸುಣ್ಣಕಲ್ಲು, ಸ್ಫಟಿಕಶಿಲೆ, ಸಸ್ಯದ ಬೂದಿಗಳಿಂದ ಮಾಡುತ್ತಾರೆ. ಅದಕ್ಕೆ ಸೀಸ ಬೇಕಾಗುವುದಿಲ್ಲ. ಕಡಿಮೆ ಉರಿಯಲ್ಲಿ ಸುಟ್ಟು ಹಸಿರು ಬಣ್ಣ ಹಾಕಿ ಅಗ್ಗಕ್ಕೆ ಮಾರುವ ಅಲಂಕಾರದ ಸಾಮಾನುಗಳ ಬಗ್ಗೆ ಆ ಭರವಸೆ ಕೊಡಲಾರೆ. ಕಣ್ಣಿನಿಂದ ನೋಡಿ ಇದನ್ನು ತೀರ್ಮಾನಿಸಲು ಆಗದು, ಕುಡಿಯಲೆಂದೇ ಮಾಡಿದ್ದನ್ನು ಮಾರುವ ನಂಬಿಗಸ್ತರಿಂದ ಕೊಳ್ಳುವುದೊಂದೇ ದಾರಿ.

ಎಷ್ಟು ಜೋಪಾನ ಮಾಡಿದರೂ ಒಂದು ದಿನ ಲೋಟ ನಿಜವಾಗಿಯೇ ಸೀಳಬಹುದು. ಟೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಲಾಂಗ್‌ಚುವಾನಿನ ಒಂದು ಚಹಾ ಬಟ್ಟಲಿದೆ. ಹದಿನೈದನೆಯ ಶತಮಾನದಲ್ಲಿ ಅದರ ಒಡೆಯನಾಗಿದ್ದ ಜಪಾನಿನ ಶೋಗುನ್ (ಸೇನಾ ಆಡಳಿತಗಾರ) ಅಶಿಕಾಗಾ ಯೊಶಿಮಾಸಾ, ಬಟ್ಟಲು ಸೀಳಿದಾಗ ಅದನ್ನು ಚೀನಾಕ್ಕೆ ಕಳುಹಿಸಿ ಅಂಥದೇ ಇನ್ನೊಂದನ್ನು ಕೇಳಿದನಂತೆ. ಅಷ್ಟು ಚೆಂದದ ಬಟ್ಟಲು ಆಗ ಚೀನಾದಲ್ಲೂ ಹುಟ್ಟದೆ, ಅದನ್ನೇ ಲೋಹದ ಕೊಂಡಿಗಳಿಂದ ಬಿಗಿದು ಹಿಂದಿರುಗಿಸಿದರು ಎಂದು ಅದರ ಚರಿತ್ರೆ ಹೇಳುತ್ತದೆ. ಆ ಕೊಂಡಿಗಳು ಮಿಡತೆಯಂತೆ ಕಂಡದ್ದರಿಂದ ಬಟ್ಟಲಿಗೆ ಮಿಡತೆಯ ಹೆಸರೇ ನಿಂತಿತು. ಈ ಕೊಂಡಿ ಹಾಕುವ ಕುಶಲಕರ್ಮಿಗಳು ಚೀನಾದಲ್ಲಿ ಈಗಲೂ ಇದ್ದಾರೆ. ಮನೆಯಲ್ಲಿ ಅಂಟು ಹಚ್ಚಿ ಕೂಡಿಸಿದ ಲೋಟದಲ್ಲಿ ಮಾತ್ರ ಬಿಸಿ ಚಹಾ ಕುಡಿಯಬೇಡಿ, ಸಾಮಾನ್ಯ ಅಂಟುಗಳು ಆ ಬಿಸಿಗೆ ಮೆತ್ತಗಾಗುತ್ತವೆ. ಅಂಥದ್ದನ್ನು ಬೆಳಕು ಬೀಳುವ ಕಿಟಕಿಯ ಕಟ್ಟೆಯ ಮೇಲಿಡಿ. ಒಂದೆರಡು ಮಲ್ಲಿಗೆ ಹಾಕಿಟ್ಟರೆ ಆ ಹಸಿರಿಗೆ ಬಿಳಿ ಬಹಳ ಒಪ್ಪುತ್ತದೆ.